ನಿಮಗಿದು ಗೊತ್ತೆ? ಮಳೆ ಬಂದರೆ ಕೆಂಪೇರುವ ರಾಟವಾಳ

ಕೆಂಪು ರಾಟವಾಳ ಗುಬ್ಬಚ್ಚಿಗಿಂತಲೂ ಚಿಕ್ಕ ಹಕ್ಕಿ. ಉದ್ದ ಸುಮಾರು 10 ಸೆಂ.ಮೀ. ಅಷ್ಟೆ. ಹುಲ್ಲುಗಾವಲು, ಕೆರೆಯಂಚಿನ ಜೊಂಡು, ಕಬ್ಬಿನ ಗದ್ದೆಗಳಲ್ಲಿ ಗುಂಪುಗೂಡಿ ಹುಲ್ಲಿನ ಬೀಜ ಹೆಕ್ಕುತ್ತದೆ. ಬೇಸಿಗೆಯಲ್ಲಿ ಗಂಡು, ಹೆಣ್ಣು ಎರಡೂ ಮಾಸಲು ಕಂದು. ಬಾಲದ ಬುಡವಷ್ಟೇ ಕೆಂಪು. ಮಳೆಗಾಲ ಬಂತೆನ್ನಿ, ಗಂಡು ಕಡುಗೆಂಪಾಗಿ, ಮೈಮೇಲೆ ಬಿಳಿ ಚುಕ್ಕಿ ಚೆಲ್ಲಿಕೊಂಡು ಮದುಮಗನಂತೆ ಮೆರೆಯುತ್ತದೆ. ಕೊಕ್ಕಿನದು ಬೇರೆಯೇ ಪಂಚಾಂಗ: ಏಪ್ರಿಲ್‌ನಲ್ಲಿ ಕಪ್ಪಾಗಿ, ಮೇ ತಿಂಗಳಿಂದ ಮೆಲ್ಲಗೆ ಕೆಂಪೇರತೊಡಗುತ್ತದೆ. ಗೂಡು ಹುಲ್ಲೆಸಳಿನ ಉಂಡೆ. ಒಳಗೆ ಐದಾರು ಬಿಳಿ ಮೊಟ್ಟೆ. ಮೈಬಣ್ಣದ ಅಂದವೇ ಈ ಹಕ್ಕಿಗೆ ಮುಳುವಾಯಿತು. ಪಂಜರದ ಶೋಕಿಗೆಂದು ಹಿಡಿದು ಹೊರದೇಶಗಳಿಗೂ ಸಾಗಿಸಿದರು. ತಪ್ಪಿಸಿಕೊಂಡವುಗಳ ಸಂತತಿ ಸ್ಪೇನ್‌ನಲ್ಲಿ ಇಂದಿಗೂ ಸುಖವಾಗಿದೆ. ನಮ್ಮಲ್ಲಿ ಇದನ್ನು ಹಿಡಿದು ಮಾರುವುದು ಅಪರಾಧ.