ಹುಟ್ಟುವ ಮೊದಲೇ ಬರೆದ ಜಾತಕ

ಬಸವನಗುಡಿಯವರು ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೋ ಹತ್ತಿದರೆ ಎರಡನೆಯ ನಿಲ್ದಾಣವೇ ಚಿಕ್ಕಪೇಟೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದೆ ಸಾದರ ಪತ್ರಪ್ಪ ರಸ್ತೆ. ಜನರ ಬಾಯಲ್ಲಿ ಅದು ಎಸ್.ಪಿ. ರೋಡು. ಕಂಪ್ಯೂಟರಿನ ಬಿಡಿಭಾಗಗಳು ಬೇಕಾದಾಗ ಚಾಮರಾಜಪೇಟೆ, ಮಲ್ಲೇಶ್ವರಗಳ ಹುಡುಗರೂ ತಂದೆಯನ್ನು ಕರೆದುಕೊಂಡು ಬರುವುದು ಈ ಬೀದಿಗೇ. 2024ರ ಕೊನೆಯಲ್ಲಿ ಹಾಗೆ ಬಂದ ತಂದೆ ಮಕ್ಕಳ ಮಾತುಕತೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

“ಈಗ ಬೇಡಪ್ಪಾ, ಹೊಸದು ಬರುತ್ತಂತೆ.”

“ಅಂತೆ ಕಂತೆ ನಂಬಿಕೊಂಡು ಎಷ್ಟು ದಿನ ಅಂತ ಕಾಯ್ತೀಯೋ?”

ತಂದೆಯ ಪ್ರಶ್ನೆ ಉಪೇಕ್ಷಿಸತಕ್ಕದ್ದಲ್ಲ. ವಸ್ತುವಿನ ಬೆಲೆ ಲಕ್ಷವನ್ನು ಮೀರಿದ್ದು. ಪರದೆಯ ಮೇಲೆ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡು ಒಂದು ಕಾಲಕ್ಕೆ ಆಟದ ಸಾಮಗ್ರಿಯಾಗಿದ್ದಿತು. ಇಂದು ಅನಿಮೇಷನ್ ಕಲಿಯುವವನಿಗೂ ಕೃತಕ ಬುದ್ಧಿಮತ್ತೆಯನ್ನು ಅಭ್ಯಸಿಸುವವಳಿಗೂ ಅದು ಕೈಯ ಉಪಕರಣ. ಅಂಥ ಕಾರ್ಡುಗಳಲ್ಲಿ 2024ರಲ್ಲಿ ಅಗ್ರಸ್ಥಾನ ಎನ್ವಿಡಿಯಾ ಕಂಪನಿಯ ಆರ್.ಟಿ.ಎಕ್ಸ್. 4090ಕ್ಕಿತ್ತು. ಅದು ಮಾರುಕಟ್ಟೆಗೆ ಬಂದದ್ದು 2022ರ ಅಕ್ಟೋಬರಿನಲ್ಲಿ. ಅದರ ಉತ್ತರಾಧಿಕಾರಿ 5090ರ ಜಾತಕವನ್ನು ಜಗತ್ತು 2024ರ ಸೆಪ್ಟೆಂಬರ್ ವೇಳೆಗೇ ಬರೆದು ಮುಗಿಸಿತ್ತು: 21,760 ಗಣಕ ಘಟಕಗಳು, 32 ಜಿ.ಬಿ. ಸ್ಮೃತಿ, 512 ಬಿಟ್ಟಿನ ದಾರಿ, 600 ವಾಟ್ ವಿದ್ಯುತ್ತು.

2025ರ ಜನವರಿ 6ರಂದು ಕಂಪನಿಯ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ಕಾರ್ಡನ್ನು ಅನಾವರಣ ಮಾಡಿದರು. ಮೊದಲ ಮೂರು ಅಂಕೆಗಳು ಅಕ್ಷರಶಃ ನಿಜವಾದವು. ನಾಲ್ಕನೆಯದು ಮಾತ್ರ 575 ವಾಟ್ ಆಯಿತು.

ಗಾಳಿಸುದ್ದಿಗೆ ಇಷ್ಟು ನಿಖರತೆ ಬಂದದ್ದೆಲ್ಲಿಂದ? ಕಾರಣ ಸರಳವಾದದ್ದು. ಚಿಪ್ಪಿನ ಒಡಲು ಮಾರಾಟಕ್ಕೆ ಬಹಳ ಮೊದಲೇ ನಿರ್ಧಾರವಾಗಿರುತ್ತದೆ. ತೈವಾನಿನ ಕಾರ್ಖಾನೆ ಅದನ್ನು ಎರಕ ಹೊಯ್ಯಲು ತೊಡಗಿದ ಮೇಲೆ ಬದಲಾಯಿಸುವಂತಿಲ್ಲ. ಮಂಡಲಿ ತಯಾರಿಸುವವರಿಗೆ, ತಂಪುಗಾರಿಕೆಯ ಫ್ಯಾನು ಜೋಡಿಸುವವರಿಗೆ ಅಳತೆಗಳನ್ನು ತಿಳಿಸಲೇಬೇಕು. ಅಷ್ಟು ಜನರ ಬಾಯಿಗೆ ಬೀಗ ಹಾಕುವವರಾರು? ಭಾರತಕ್ಕೆ ಆಮದಾದ ಸರಕಿನ ದಾಖಲೆಗಳನ್ನು ಪ್ರಕಟಿಸುತ್ತಿದ್ದ ಜೌಬಾ ಎಂಬ ಜಾಲತಾಣವನ್ನು ಹತ್ತು ವರ್ಷಗಳ ಹಿಂದೆ ಜಗತ್ತಿನ ಕುತೂಹಲಿಗಳು ಜಾಲಾಡಿ, ಹೆಸರಿಡದ ಕಾರ್ಡುಗಳ ಸುಳಿವು ಹಿಡಿಯುತ್ತಿದ್ದುದುಂಟು.

ಓದುಗರು ತಾವೇ ಪರೀಕ್ಷಿಸಿ ನೋಡಬಹುದಾದ ಒಂದು ಲೆಕ್ಕವೂ ಇದೆ. ಪ್ರತಿಯೊಂದು ಸ್ಮೃತಿ ಚಿಪ್ಪಿಗೆ 32 ಬಿಟ್ಟಿನ ದಾರಿ ಬೇಕು. 512ನ್ನು 32ರಿಂದ ಭಾಗಿಸಿದರೆ 16. ಚಿಪ್ಪೊಂದಕ್ಕೆ 2 ಜಿ.ಬಿ.ಯಂತೆ 32. ಹಳೆಯ 4090ರ ದಾರಿ 384 ಬಿಟ್ಟು; ಹನ್ನೆರಡು ಚಿಪ್ಪು, 24 ಜಿ.ಬಿ. ಈ ಭಾಗಾಕಾರಕ್ಕೆ ಒಗ್ಗದ ಸುದ್ದಿಯನ್ನು ಅಲ್ಲಿಯೇ ತಳ್ಳಿಹಾಕಬಹುದು. ಆದರೆ ಒಗ್ಗಿದ್ದೆಲ್ಲ ಸತ್ಯವೂ ಅಲ್ಲ. 2024ರಲ್ಲಿಯೇ 448 ಬಿಟ್ಟು, 28 ಜಿ.ಬಿ. ಎಂಬ ಮಾತೂ ಹರಡಿತ್ತು. ಲೆಕ್ಕ ಸರಿ, ಫಲ ಸುಳ್ಳು. ಏಕೆಂದರೆ ಚಿಪ್ಪಿನಲ್ಲಿ ಇರುವುದೇ ಬೇರೆ, ಕಂಪನಿ ಅದರಲ್ಲಿ ಗಿರಾಕಿಗೆ ತೆರೆದುಕೊಡುವುದೇ ಬೇರೆ. ಪೂರ್ಣ ಚಿಪ್ಪಿನಲ್ಲಿ 24,576 ಘಟಕಗಳಿವೆ. 5090ನ್ನು ಕೊಂಡವನಿಗೆ ದೊರೆಯುವುದು 21,760.

ಎಲ್ಲಕ್ಕಿಂತ ತಡವಾಗಿ ನಿಶ್ಚಯವಾಗುವುದು ಬೆಲೆ. ಅದು ಲೋಹದಲ್ಲಿ ಕೆತ್ತಿದ್ದಲ್ಲ, ಕೊನೆಯ ವಾರದಲ್ಲಿಯೂ ತಿದ್ದಬಹುದು. ಆ ವಿಷಯದಲ್ಲಿ ಮಾತ್ರ ಒಂದೊಂದು ಬಾಯಿ ಒಂದೊಂದು ಅಂಕೆ ಹೇಳಿತು. ತಂದೆಗೆ ಬೇಕಾಗಿದ್ದುದೂ ಅದೊಂದೇ ಅಂಕೆ! ಅಮೆರಿಕದಲ್ಲಿ 1,999 ಡಾಲರ್ ಎಂದು ಘೋಷಿತವಾದ ಕಾರ್ಡಿಗೆ ಭಾರತದಲ್ಲಿ ಗೊತ್ತಾದ ಆರಂಭದ ಬೆಲೆ 2,14,000 ರೂಪಾಯಿ. ಶೇಕಡ 18ರ ಜಿ.ಎಸ್.ಟಿ. ಅದರಲ್ಲಿಯೇ ಅಡಗಿದೆ.

ವೆಚ್ಚ ಅಲ್ಲಿಗೇ ನಿಲ್ಲುವುದಿಲ್ಲ. 575 ವಾಟ್ ಎಂದರೆ ಅಡುಗೆಮನೆಯ ಮಿಕ್ಸಿಯಷ್ಟು. ಚಟ್ನಿ ರುಬ್ಬುವುದಕ್ಕೆ ಐದು ನಿಮಿಷ ಸಾಕು. ಇದು ಗಂಟೆಗಟ್ಟಲೆ ದುಡಿಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಪೂರ್ಣ ಭಾರದಲ್ಲಿ ಓಡಿದರೆ ತಿಂಗಳಿಗೆ 69 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿಯ 200 ಯೂನಿಟ್ ಗಡಿಯೊಳಗೆ ಸಂಸಾರ ತೂಗಿಸುವ ಗೃಹಿಣಿ ಈ ಲೆಕ್ಕವನ್ನು ಮಗನಿಗಿಂತ ಬೇಗ ಮಾಡಿಯಾಳು. ಇದಲ್ಲದೆ 1,000 ವಾಟ್‌ನ ಪವರ್ ಸಪ್ಲೈ ಬೇಕೆಂದು ಕಂಪನಿಯೇ ಹೇಳುತ್ತದೆ. ಮನೆಗಳಲ್ಲಿರುವ 600 ವಿ.ಎ. ಪುಟ್ಟ ಯು.ಪಿ.ಎಸ್. ಇದರ ಮುಂದೆ ಉಸಿರೆತ್ತಲಾರದು.

ಜನವರಿ 30ರಂದು ಮಾರಾಟ ತೆರೆಯಿತು. ದಾಸ್ತಾನು ಅಲ್ಪ, ಬೇಡಿಕೆ ಅಪಾರ. ಲೋಕದ ಎಲ್ಲೆಡೆ ಕಾರ್ಡುಗಳು ಬಂದಷ್ಟೇ ಬೇಗ ಮಾಯವಾದವು, ಘೋಷಿತ ಬೆಲೆಗೆ ಸಿಕ್ಕವರು ಪುಣ್ಯವಂತರು. ಹಳೆಯ 4090 ಅಷ್ಟರಲ್ಲಿ ಅಂಗಡಿಗಳಲ್ಲಿ ವಿರಳವಾಗಿತ್ತು. ಜಾತಕ ನಂಬಿ ಕಾದವರಿಗೆ ಗುಣಗಳೆಲ್ಲ ಕೂಡಿಬಂದವು, ಮುಹೂರ್ತವೊಂದು ಒದಗಲಿಲ್ಲ.

ಅದೇ ವರ್ಷ ಮತ್ತೊಂದು ಸುದ್ದಿ ಹುಟ್ಟಿತು. 5080ಕ್ಕೆ ‘ಸೂಪರ್’ ಎಂಬ ತಮ್ಮನೊಬ್ಬ ಬರುತ್ತಾನಂತೆ, ಅಣ್ಣನ 16 ಜಿ.ಬಿ. ಬದಲು 24 ತರುತ್ತಾನಂತೆ. ದಾರಿ 256 ಬಿಟ್ಟು, ಅಂದರೆ ಎಂಟು ಚಿಪ್ಪು. ಹೊಸ ಬಗೆಯ ಚಿಪ್ಪಿನಲ್ಲಿ ಮೂರು ಜಿ.ಬಿ. ಹಿಡಿಯುತ್ತದೆ. ಎಂಟು ಮೂರಲ ಇಪ್ಪತ್ತನಾಲ್ಕು. ಲೆಕ್ಕವೇನೋ ಕೂಡುತ್ತದೆ.