ಕಾಲೇಜಿನ ಕಸ: ಬೆರೆತರೆ ಹೊರೆ, ಬೇರ್ಪಟ್ಟರೆ ಬದುಕು



ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲದ ಮನೆಗಳು ವಿರಳ. ಮಕ್ಕಳು ಅಲ್ಲಿಂದ ಏನನ್ನು ಕಲಿತು ಬರುತ್ತಾರೆ, ಎಷ್ಟು ಅಂಕ ಗಳಿಸುತ್ತಾರೆ ಎಂದು ನಾವು ವಿಚಾರಿಸುತ್ತೇವೆ. ಆದರೆ ಅವರು ಅಲ್ಲಿ ಏನನ್ನು ಎಸೆದು ಬರುತ್ತಾರೆ ಎಂದು ಎಂದಾದರೂ ವಿಚಾರಿಸಿದ್ದೇವೆಯೇ? ಸಾವಿರಾರು ವಿದ್ಯಾರ್ಥಿಗಳು ಸೇರುವ ವಿಶ್ವವಿದ್ಯಾಲಯದ ಆವರಣವೆಂದರೆ ಒಂದು ಪುಟ್ಟ ಪಟ್ಟಣವೇ ಸರಿ. ಅಲ್ಲಿ ಕ್ಯಾಂಟೀನ್ ಇದೆ, ಹಾಸ್ಟೆಲ್ ಇದೆ, ಜೆರಾಕ್ಸ್ ಅಂಗಡಿ ಇದೆ. ಪ್ರಯೋಗಾಲಯ, ಕಚೇರಿ, ಗ್ರಂಥಾಲಯಗಳಿವೆ. ತಿಂದುಳಿದ ಅನ್ನ ಸಾಂಬಾರು, ಟೀ ಕುಡಿದ ಲೋಟ, ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಹಳೆಯ ರೆಕಾರ್ಡ್ ಪುಸ್ತಕ, ಕೆಟ್ಟ ಬ್ಯಾಟರಿ, ಎಲ್ಲವೂ ಸಂಜೆಯ ಹೊತ್ತಿಗೆ ಒಂದೇ ಬುಟ್ಟಿಯಲ್ಲಿ! ಈ ಬುಟ್ಟಿಯ ಕಥೆಯನ್ನು ಇಂದು ಸ್ವಲ್ಪ ವಿವರವಾಗಿ ತಿಳಿಯೋಣ.

ಎಸೆದದ್ದು ಎಲ್ಲಿಗೆ ಹೋಗುತ್ತದೆ?

ಬುಟ್ಟಿ ಖಾಲಿಯಾದೊಡನೆ ಕಸ ಮಾಯವಾಯಿತೆಂದು ನಾವು ತಿಳಿಯುತ್ತೇವೆ. ಅದು ಮಾಯವಾಗುವುದಿಲ್ಲ, ಇನ್ನೊಬ್ಬರ ಊರಿಗೆ ಹೋಗುತ್ತದೆ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರು ಮುಂತಾದ ಹಳ್ಳಿಗಳ ಮಗ್ಗುಲಲ್ಲಿ ಬೆಟ್ಟವಾಗಿ ಬೆಳೆಯಿತು. 2012ರಲ್ಲಿ ಮಾವಳ್ಳಿಪುರಕ್ಕೆ ಲಾರಿಗಳು ಹೋಗುವುದು ನಿಂತಾಗ ನಗರದ ಬೀದಿಗಳೇ ತಿಪ್ಪೆಗಳಾದವು. ಮಂಡೂರಿನ ಜನರ ಹೋರಾಟದ ಫಲವಾಗಿ 2014ರ ಕೊನೆಯಲ್ಲಿ ಅಲ್ಲಿಗೂ ಕಸ ಸಾಗಿಸುವುದು ನಿಂತಿತು. ಮಂಗಳೂರಿನ ಪಚ್ಚನಾಡಿಯಲ್ಲಂತೂ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ, ಕೆಳಗಿನ ಮಂದಾರದ ಮನೆಗಳನ್ನೂ ತೆಂಗು ಕಂಗುಗಳ ತೋಟಗಳನ್ನೂ ನುಂಗಿತು. ಆ ಮನೆಗಳವರು ಮಾಡಿದ ತಪ್ಪಾದರೂ ಏನು? ನಗರ ಎಸೆದದ್ದರ ಕೆಳಗೆ ಅವರ ಬದುಕು ಇತ್ತು, ಅಷ್ಟೆ.

ಇಂತಹ ಗುಡ್ಡಗಳು ಇಷ್ಟು ಅಪಾಯಕಾರಿಯಾಗಲು ಮುಖ್ಯ ಕಾರಣ ಬೆರಕೆ. ನಮ್ಮ ದೇಶದ ನಗರಗಳ ಕಸದಲ್ಲಿ ಸುಮಾರು ಅರ್ಧದಷ್ಟು ಹಸಿ ಕಸವೇ. ಅದು ಮಣ್ಣಿಗೆ ಸೇರಿದರೆ ಗೊಬ್ಬರವಾಗುತ್ತದೆ. ಆದರೆ ಪ್ಲಾಸ್ಟಿಕ್ಕಿನ ಜೊತೆ ಸೇರಿ ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಅನಿಲ ಹುಟ್ಟುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ಪ್ರಬಲ; ಗುಡ್ಡಗಳಿಗೆ ಬೆಂಕಿ ಹತ್ತುವುದಕ್ಕೂ ಅದೇ ಕಾರಣ. ರಾಶಿಯಿಂದ ಸೋರುವ ಕಪ್ಪು ನೀರು ಬಾವಿಗಳಿಗೆ ಇಳಿಯುತ್ತದೆ. ಹೀಗೆ ಗೊಬ್ಬರವಾಗಬೇಕಿದ್ದ ಅನ್ನ ವಿಷವಾಗುತ್ತದೆ. ಅದೇ ಅನ್ನ ಮೆತ್ತಿಕೊಂಡ ಕಾಗದವೂ ಯಾರಿಗೂ ಬೇಡವಾಗುತ್ತದೆ.

ಒಂದು ಕ್ಯಾಂಪಸ್ ತೋರಿಸಿದ ದಾರಿ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಕ್ರೈಸ್ಟ್ ವಿಶ್ವವಿದ್ಯಾಲಯವನ್ನು ನಮ್ಮಲ್ಲಿ ಅನೇಕರು ಬಲ್ಲರು. ಸಿ.ಎಂ.ಐ. ಸಭೆಯ ಗುರುಗಳು 1969ರಲ್ಲಿ ಕಾಲೇಜಾಗಿ ಆರಂಭಿಸಿದ ಈ ಸಂಸ್ಥೆ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಇಲ್ಲಿನ ಸೆಂಟರ್ ಫಾರ್ ಸೋಷಿಯಲ್ ಆಕ್ಷನ್ ವಿಭಾಗವು 'ಪರಿವರ್ತನ' ಎಂಬ ಘಟಕವನ್ನು ರೂಪಿಸಿತು. ಆವರಣದಲ್ಲಿ ಹುಟ್ಟುವ ಕಸವನ್ನು ಆವರಣದಲ್ಲೇ ವಿಂಗಡಿಸುವುದು, ಕ್ಯಾಂಟೀನಿನ ಹಸಿ ಕಸದಿಂದ ಗೋಬರ್ ಗ್ಯಾಸ್ ಮಾದರಿಯ ಜೈವಿಕ ಅನಿಲ ಮತ್ತು ಗೊಬ್ಬರ ಪಡೆಯುವುದು, ಬರೆದು ಬಿಸಾಡಿದ ಕಾಗದದಿಂದ ಹೊಸ ಕಾಗದ ಮಾಡಿ ಫೈಲು, ಪುಸ್ತಕ, ಚೀಲಗಳನ್ನು ತಯಾರಿಸುವುದು ಇದರ ಕೆಲಸ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಸಮೀಪದ ರಾಜೇಂದ್ರನಗರ ಕೊಳೆಗೇರಿಯ ಮಹಿಳೆಯರಿಗೆ ಉದ್ಯೋಗ ನೀಡುವ ಉದ್ದೇಶದಿಂದ ಇದು ರೂಪುಗೊಂಡಿತು. ಶ್ರೀಮಂತ ಮನೆಯ ಮಗನೊಬ್ಬ ಹರಿದೆಸೆದ ಹಾಳೆ ಬಡ ತಾಯಿಯೊಬ್ಬಳ ಮನೆಗೆ ಅಕ್ಕಿಯಾಗಿ ಬರುವುದೆಂದರೆ ಸಣ್ಣ ಮಾತೇ?

ಕಾಗದ ಮತ್ತೆ ಹುಟ್ಟುವ ಬಗೆಯನ್ನು ತಿಳಿದರೆ ವಿಂಗಡಣೆಯ ಮಹತ್ವ ತಾನಾಗಿ ಅರ್ಥವಾಗುತ್ತದೆ. ಹಳೆಯ ಹಾಳೆಗಳನ್ನು ಚೂರು ಮಾಡಿ, ನೀರಿನಲ್ಲಿ ನೆನೆಸಿ, ಅರೆದು, ಅಂಬಲಿಯಂತೆ ತಿರುಳು ಮಾಡುತ್ತಾರೆ. ಜಾಲರಿಯ ಚೌಕಟ್ಟಿನಿಂದ ಅದನ್ನು ತೆಳ್ಳಗೆ ಎತ್ತಿ, ಒತ್ತಿ ನೀರು ಹಿಂಡಿ, ಒಣಗಿಸಿದಾಗ ಹೊಸ ಹಾಳೆ ಸಿದ್ಧ. ಪ್ರತಿ ಸಲವೂ ಕಾಗದದ ನಾರು ಗಿಡ್ಡವಾಗುವುದರಿಂದ ಸಾಮಾನ್ಯವಾಗಿ 5ರಿಂದ 7 ಬಾರಿ ಮಾತ್ರ ಹೀಗೆ ಮಾಡಬಹುದು. ಆದರೆ ಎಣ್ಣೆ ಹತ್ತಿದ ಕಾಗದ ಒಂದು ಬಾರಿಗೂ ಬರುವುದಿಲ್ಲ, ಏಕೆಂದರೆ ಎಣ್ಣೆ ನೀರಿನಲ್ಲಿ ಕರಗದೆ ನಾರಿಗೆ ಅಂಟಿಕೊಳ್ಳುತ್ತದೆ. ಬೋಂಡಾ ಒರೆಸಿದ ಒಂದು ಹಾಳೆ ಬುಟ್ಟಿಯೊಳಗಿನ ಇತರ ಹಾಳೆಗಳನ್ನೂ ಕೆಡಿಸೀತು.

ಎಲ್ಲವೂ ಮರುಹುಟ್ಟು ಪಡೆಯುವುದಿಲ್ಲ

ಕಾಗದದಂತೆ ಕಾಣುವುದೆಲ್ಲ ಕಾಗದವೂ ಅಲ್ಲ. ಕ್ಯಾಂಟೀನಿನ ಪೇಪರ್ ಕಪ್ಪಿನ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪನವಿದೆ. ಇಲ್ಲದಿದ್ದರೆ ಟೀ ಸೋರಿಹೋಗುತ್ತಿತ್ತು. ಜ್ಯೂಸ್ ಬರುವ ಟೆಟ್ರಾ ಪ್ಯಾಕಿನಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಗಳು ಒಂದಕ್ಕೊಂದು ಅಂಟಿಕೊಂಡಿವೆ. ನೀರಿನ ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ, ಆದರೆ ಹಲವು ಪದರಗಳ ಚಿಪ್ಸ್ ಪೊಟ್ಟಣವನ್ನು ಗುಜರಿಯವರೂ ಮುಟ್ಟುವುದಿಲ್ಲ. ಹೆಚ್ಚೆಂದರೆ ಅದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗುತ್ತದೆ.

ಆದ್ದರಿಂದ ಮೊದಲ ಪಾಠ ಮರುಸಂಸ್ಕರಣೆಯದಲ್ಲ, ಮಿತ ಬಳಕೆಯದು. ಎರಡನೆಯದು ಮರುಬಳಕೆ, ಅಂದರೆ ಸ್ಟೀಲ್ ಲೋಟವನ್ನು ತೊಳೆದು ಮತ್ತೆ ಬಳಸಿದಂತೆ ವಸ್ತುವನ್ನು ಇದ್ದ ಹಾಗೆಯೇ ಬಳಸುವುದು. ಇವೆರಡೂ ಆಗದಿದ್ದಾಗ ಮಾತ್ರ ಮರುಸಂಸ್ಕರಣೆ. ಇದಕ್ಕೊಂದು ಒಳ್ಳೆಯ ನಿದರ್ಶನ ಅಮೆರಿಕದಿಂದ ಬಂದಿದೆ. ಅಲ್ಲಿನ ಕಾಲೇಜುಗಳ ಭೋಜನಶಾಲೆಗಳಲ್ಲಿ ದೊಡ್ಡ ಟ್ರೇ ಹಿಡಿದು ಕಂಡದ್ದನ್ನೆಲ್ಲ ತುಂಬಿಕೊಳ್ಳುವ ಪದ್ಧತಿಯಿತ್ತು. ಊಟ ಒದಗಿಸುವ ಅರಾಮಾರ್ಕ್ ಕಂಪನಿ 2008ರಲ್ಲಿ 25 ಸಂಸ್ಥೆಗಳಲ್ಲಿ ಟ್ರೇಗಳನ್ನು ತೆಗೆದು, 1,86,000 ಊಟಗಳ ಎಂಜಲನ್ನು ಅಳೆದು ನೋಡಿತು. ತಲಾ ಶೇ. 25ರಿಂದ 30ರಷ್ಟು ಎಂಜಲು ಕಡಿಮೆಯಾಗಿತ್ತು! ಯಾವ ಯಂತ್ರವೂ ಬೇಕಾಗಲಿಲ್ಲ. ಕೈಗೆ ಹಿಡಿಯುವಷ್ಟನ್ನೇ ಬಡಿಸಿಕೊಂಡರು, ಅಷ್ಟೆ. ನಮ್ಮ ಅಜ್ಜಿಯಂದಿರು ಎಲೆಯ ಮುಂದೆ ಕೂರಿಸಿ ಹೇಳುತ್ತಿದ್ದ ಮಾತೂ ಇದೇ ಅಲ್ಲವೇ?

ಅದೇ ಅಮೆರಿಕದ ಇನ್ನೊಂದು ಅನುಭವ ನಮ್ಮನ್ನು ಎಚ್ಚರಿಸುತ್ತದೆ. ಹಲವು ಕ್ಯಾಂಪಸ್ಸುಗಳುಳ್ಳ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, 2020ರೊಳಗೆ ತನ್ನ ಕಸದಲ್ಲಿ ಶೇ. 90ರಷ್ಟು ಗುಂಡಿ ಸೇರದಂತೆ ತಡೆಯುವ ಗುರಿ ಇಟ್ಟುಕೊಂಡಿತ್ತು. ಹಣಕ್ಕೂ ವಿದ್ಯೆಗೂ ಅಲ್ಲಿ ಕೊರತೆಯಿರಲಿಲ್ಲ, ಆದರೂ ಗುರಿ ಈಡೇರಲಿಲ್ಲ. ಬುಟ್ಟಿಗಳನ್ನು ಕೊಳ್ಳುವುದು ಸುಲಭ, ಅಭ್ಯಾಸವನ್ನು ಕೊಳ್ಳಲಾಗದು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ, ದೊಡ್ಡ ಸಂಸ್ಥೆಗಳು ಕಸವನ್ನು ಹುಟ್ಟಿದಲ್ಲೇ ವಿಂಗಡಿಸಬೇಕು, ಹಸಿ ಕಸವನ್ನು ಸಾಧ್ಯವಾದಷ್ಟು ತಮ್ಮ ಆವರಣದಲ್ಲೇ ಸಂಸ್ಕರಿಸಬೇಕು ಎಂದು ವಿಧಿಸಿದ್ದವು. ಅವುಗಳ ಬದಲಿಗೆ ಕೇಂದ್ರ ಸರ್ಕಾರ 2026ರ ಜನವರಿಯಲ್ಲಿ ಹೊಸ ನಿಯಮಗಳನ್ನು ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಪ್ರಕಟಿಸಿತು. ಇವುಗಳ ಪ್ರಕಾರ ಕಸವನ್ನು ನಾಲ್ಕಾಗಿ ವಿಂಗಡಿಸಬೇಕು: ಹಸಿ ಕಸ, ಒಣ ಕಸ, ಡಯಾಪರ್, ಸ್ಯಾನಿಟರಿ ಪ್ಯಾಡ್‌ಗಳಂತಹ ನೈರ್ಮಲ್ಯ ಕಸ, ಬಲ್ಬು, ಬಣ್ಣದ ಡಬ್ಬಿ, ಔಷಧಿಗಳಂತಹ ವಿಶೇಷ ಎಚ್ಚರಿಕೆಯ ಕಸ. ದಿನಕ್ಕೆ 100 ಕಿಲೋ ಅಥವಾ ಹೆಚ್ಚು ಕಸ ಹೊರಡುವ ಆವರಣ 'ಬೃಹತ್ ಉತ್ಪಾದಕ' ಎನಿಸಿಕೊಳ್ಳುತ್ತದೆ, ಅದರ ಹೊಣೆಯೂ ಹೆಚ್ಚು. ಹಾಸ್ಟೆಲ್ಲುಗಳಿರುವ ಯಾವುದೇ ದೊಡ್ಡ ಕ್ಯಾಂಪಸ್ಸಿಗೆ ಈ ಅಳತೆಯನ್ನು ದಾಟುವುದು ಕಷ್ಟವೇನಲ್ಲ.

ಬುಟ್ಟಿಯ ಆಚೆ ಒಂದು ಕೈಯಿದೆ

ಕಾನೂನಿಗಿಂತ ದೊಡ್ಡ ಕಾರಣವೊಂದಿದೆ. ನಾವು ಬೆರೆಸಿ ಎಸೆದದ್ದನ್ನು ಯಾರಾದರೂ ಕೈಯಿಂದಲೇ ಬೇರ್ಪಡಿಸಬೇಕು. ಕೊಳೆತ ಅನ್ನದಲ್ಲಿ ಅಡಗಿದ ಪ್ರಯೋಗಾಲಯದ ಗಾಜಿನ ಚೂರು, ಸುತ್ತದೆ ಎಸೆದ ಪ್ಯಾಡ್, ಬ್ಲೇಡು, ಸೂಜಿ, ಇವು ತಗಲುವುದು ಎಸೆದವರ ಕೈಗಲ್ಲ. ಬೆಂಗಳೂರಿನಲ್ಲಿ 'ಹಸಿರು ದಳ' ಎಂಬ ಸಂಸ್ಥೆ ಚಿಂದಿ ಆಯುವವರನ್ನು ಸಂಘಟಿಸಿತು. ಅವರಿಗೆ ಮಹಾನಗರ ಪಾಲಿಕೆಯ ಗುರುತಿನ ಚೀಟಿ ದೊರೆಯಿತು. ಅವರಲ್ಲಿ ಕೆಲವರು ವಾರ್ಡುಗಳ ಒಣ ಕಸ ಸಂಗ್ರಹಣಾ ಕೇಂದ್ರಗಳನ್ನು ತಾವೇ ನಡೆಸುವಷ್ಟು ಬೆಳೆದರು. ಒಣ ಕಸ ಶುಚಿಯಾಗಿ ಬಂದರೆ ಅವರಿಗೆ ಅದು ಸಂಪಾದನೆ, ಕೊಳೆತು ಬಂದರೆ ರೋಗ. ಎರಡರ ನಡುವಿನ ವ್ಯತ್ಯಾಸವನ್ನು ನಿರ್ಧರಿಸುವುದು ಬುಟ್ಟಿಯ ಮುಂದೆ ನಿಂತ ವಿದ್ಯಾರ್ಥಿಯ ಎರಡು ಕ್ಷಣ.

ಪರಮಪೂಜ್ಯ ವಿಶ್ವಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಎಸೆಯುವ ಸಂಸ್ಕೃತಿಯ ಬಗ್ಗೆ ಬರೆದಾಗ, ವಸ್ತುಗಳನ್ನು ಎಸೆಯುವುದನ್ನೂ ಮನುಷ್ಯರನ್ನು ಬದಿಗೊತ್ತುವುದನ್ನೂ ಒಟ್ಟಿಗೇ ಹೆಸರಿಸಿದರು. ಐದು ಸಾವಿರ ಜನ ಉಂಡ ಮೇಲೆ ಉಳಿದ ತುಂಡುಗಳನ್ನು ಯೇಸುಸ್ವಾಮಿ ಕೂಡಿಸಲು ಹೇಳಿದ್ದನ್ನು, 12 ಬುಟ್ಟಿಗಳು ತುಂಬಿದ್ದನ್ನು ನಾವು ಬಲ್ಲೆವು. ಸಮೃದ್ಧಿಯ ನಡುವೆಯೂ ಹಾಳಾಗಲು ಬಿಡದಿರುವುದು ಅಲ್ಲಿನ ಪಾಠ.

ನಾವೇನು ಮಾಡಬಹುದು?

ಮಕ್ಕಳು ಕಾಲೇಜಿಗೆ ಹೊರಡುವಾಗ ಒಂದು ಸ್ಟೀಲ್ ಬಾಟಲಿ, ಒಂದು ಊಟದ ಡಬ್ಬಿ ಕೊಡೋಣ. ಟಿಪ್ಪಣಿಗಳನ್ನು ಹಾಳೆಯ ಎರಡೂ ಬದಿ ಜೆರಾಕ್ಸ್ ಮಾಡಿಸಲು ಹೇಳೋಣ. ಪರೀಕ್ಷೆ ಮುಗಿದ ಮೇಲೆ ಪಠ್ಯಪುಸ್ತಕಗಳನ್ನು ಕಿರಿಯರಿಗೆ ದಾಟಿಸುವ ರೂಢಿ ಬೆಳೆಸೋಣ. ಪ್ಯಾಡ್‌ಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಗುರುತು ಹಾಕಿ ಪ್ರತ್ಯೇಕವಾಗಿ ಕೊಡುವುದನ್ನು ತಾಯಂದಿರು ಹೆಣ್ಣುಮಕ್ಕಳಿಗೆ ಸಂಕೋಚವಿಲ್ಲದೆ ಕಲಿಸಲಿ. ಕಾಲೇಜಿನ ಪೋಷಕರ ಸಭೆಗೆ ಹೋದಾಗ ಶುಲ್ಕ, ಹಾಜರಿಗಳ ಜೊತೆಗೆ ಇನ್ನೂ ಒಂದು ಪ್ರಶ್ನೆ ಕೇಳೋಣ: ನಿಮ್ಮ ಕ್ಯಾಂಟೀನಿನ ಹಸಿ ಕಸ ಎಲ್ಲಿಗೆ ಹೋಗುತ್ತದೆ? ಬೇರೆಬೇರೆ ಬುಟ್ಟಿಗಳಿದ್ದರೂ ಎಲ್ಲವನ್ನೂ ಒಂದೇ ಗಾಡಿಗೆ ಸುರಿಯುತ್ತಾರೆಯೇ? ಹಾಗೆ ಸುರಿಯುವುದನ್ನು ಒಮ್ಮೆ ಕಂಡ ವಿದ್ಯಾರ್ಥಿ ಮತ್ತೆಂದೂ ಶ್ರದ್ಧೆಯಿಂದ ವಿಂಗಡಿಸುವುದಿಲ್ಲ. ಆದ್ದರಿಂದ ಆಡಳಿತದವರ ಪ್ರಾಮಾಣಿಕತೆಯೂ ಅಷ್ಟೇ ಮುಖ್ಯ.

ಎಲ್ಲಕ್ಕಿಂತ ಮೊದಲು, ನಮ್ಮ ಅಡುಗೆಮನೆಯಲ್ಲೇ ಎರಡು ಬುಟ್ಟಿಗಳಿರಲಿ. ಮನೆಯಲ್ಲಿ ಬೇರ್ಪಡಿಸಲು ಕಲಿತ ಕೈ ಕ್ಯಾಂಪಸ್ಸಿನಲ್ಲಿ ಮರೆಯುವುದಿಲ್ಲ. ಆ ಕೈಗೆ ಕಾಣದ ಇನ್ನೊಂದು ಕೈ ಅದರಿಂದ ಗಾಯವಿಲ್ಲದೆ ದುಡಿದು ಉಣ್ಣುವಂತಾಗಲಿ.