ಐದು ಮನೆಯಿಂದ ಒಂದು ಮನೆಗೆ

ವಾಚಕರು ತಮ್ಮ ಗಂಟಲಿನ ಮೇಲೆ ಎರಡು ಬೆರಳುಗಳನ್ನಿಟ್ಟು ‘ಆ’ ಎಂದು ಮೆಲ್ಲಗೆ ಸ್ವರವೆಳೆದು ನೋಡಲಿ. ಬೆರಳಿಗೆ ಒಂದು ನವಿರಾದ ಕಂಪನವು ತಿಳಿಯುತ್ತದೆ. ಧ್ವನಿಪೆಟ್ಟಿಗೆಯೊಳಗಿನ ಎರಡು ಮಡಿಕೆಗಳು ಶ್ವಾಸಕೋಶದಿಂದ ಬರುವ ಗಾಳಿಯ ಒತ್ತಡಕ್ಕೆ ತೆರೆದು ಮುಚ್ಚುತ್ತಿರುವುದರ ಗುರುತು ಅದು. ಇವನ್ನೇ ಧ್ವನಿತಂತುಗಳೆನ್ನುತ್ತೇವೆ. ಮಾತನಾಡುವಾಗ ಇವು ವಯಸ್ಕ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 125 ಸಾರಿಯೂ ಹೆಂಗಸರಲ್ಲಿ ಸುಮಾರು 200 ಸಾರಿಯೂ ಕಂಪಿಸುತ್ತವೆ. ಇಷ್ಟನ್ನು ಪ್ರತಿವರ್ಷವೂ ತರಗತಿಯಲ್ಲಿ ಹೇಳಿ ನಾವು ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಈ ಎರಡು ಸಂಖ್ಯೆಗಳ ನಡುವಣ ದಾರಿಯನ್ನು ಒಬ್ಬ ಮನುಷ್ಯನು ನಡೆಯಬೇಕಾಗಿ ಬರಬಹುದೆಂಬುದು ನಮಗೆ ಹೊಳೆದಿರಲಿಲ್ಲ.

ಅದನ್ನು ತೋರಿಸಿಕೊಟ್ಟವನು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ. ಅವನ ಮತ್ತು ಅವನ ಗೆಳತಿಯ ಒಪ್ಪಿಗೆಯನ್ನು ಪಡೆದು, ಹೆಸರುಗಳನ್ನು ಮಾತ್ರ ಬಿಟ್ಟು, ಇಲ್ಲಿ ಬರೆಯುತ್ತಿದ್ದೇವೆ.

ಪೀಣ್ಯದ ಭಾನುವಾರ

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ವಾರದ ದಿನಗಳಲ್ಲಿ ಲೇತು, ಪವರ್ ಪ್ರೆಸ್ಸುಗಳ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಭಾನುವಾರ ಯಂತ್ರಗಳು ನಿಂತಾಗ ಅಲ್ಲಿನ ಒಂದು ಶೆಡ್ಡಿನ ಮಹಡಿಯಲ್ಲಿ ನಾಲ್ವರು ತರುಣರು ಸೇರಿ ಹಾಡುತ್ತಾರೆ. ಚಲನಚಿತ್ರವನ್ನಾಗಲಿ ದೊಡ್ಡ ಧ್ವನಿಮುದ್ರಣ ಸಂಸ್ಥೆಯನ್ನಾಗಲಿ ನೆಚ್ಚದೆ, ತಮ್ಮ ಹಾಡನ್ನು ತಾವೇ ಕಟ್ಟಿ ತಾವೇ ಮುದ್ರಿಸುವ ಇಂಥವರನ್ನು ಈಗ ‘ಇಂಡೀ’ ಸಂಗೀತಗಾರರೆಂದು ಕರೆಯುವುದು ರೂಢಿ. ನಮ್ಮ ವಿದ್ಯಾರ್ಥಿ ಅದೇ ಪೀಣ್ಯದ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳ ಅಳತೆಯನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾನೆ. ತಂಡದಲ್ಲಿ ಹಾಡುವವನು ಅವನೇ. ಗಿಟಾರು ನುಡಿಸುವಾಕೆಯ ಉದ್ಯೋಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ. 2025ರ ಆಗಸ್ಟಿನಲ್ಲಿ ಮೆಟ್ರೋದ ಹಳದಿ ಮಾರ್ಗವು ತೆರೆದ ಮೇಲೆ ಆಕೆ ಗಿಟಾರನ್ನು ಬೆನ್ನಿಗೇರಿಸಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡು, ನಗರದ ಆ ತುದಿಯಿಂದ ಈ ತುದಿಗೆ ಬರುತ್ತಾಳೆ.

ಕಾಲೇಜಿನ ದಾಖಲೆಯಲ್ಲಿ ನಮ್ಮ ವಿದ್ಯಾರ್ಥಿಯ ಹೆಸರು ವಿದ್ಯಾರ್ಥಿನಿಯರ ಪಟ್ಟಿಯಲ್ಲಿತ್ತು. ಇಬ್ಬರೂ ಪರಿಚಿತರಾದಾಗ ತಾವು ಒಬ್ಬರನ್ನೊಬ್ಬರು ಮೆಚ್ಚಿದ ಇಬ್ಬರು ಹುಡುಗಿಯರೆಂದೇ ಅವರು ತಿಳಿದಿದ್ದರು. ಆ ಮೆಚ್ಚಿಕೆ ಹುಟ್ಟಿದ್ದು ಶ್ರುತಿ ಸೇರಿಸುವಾಗ. ಎರಡು ತಂತಿಗಳು ಸೆಕೆಂಡಿಗೆ 196 ಮತ್ತು 193 ಸಾರಿ ಕಂಪಿಸುತ್ತಿದ್ದರೆ ಅವೆರಡರ ನಾದವು ಸೇರಿ ಸೆಕೆಂಡಿಗೆ 3 ಸಾರಿ ಏರಿ ಇಳಿಯುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ವಿಸ್ಪಂದನವೆಂದು ಹೆಸರು. ವ್ಯತ್ಯಾಸವು ಕಡಿಮೆಯಾದಂತೆ ಆ ಅಲುಗಾಟವು ನಿಧಾನವಾಗಿ, ಕಡೆಗೆ ನಿಂತುಹೋಗುತ್ತದೆ. ಇದನ್ನು ಕಿವಿಯಿಂದ ಗುರುತಿಸುವುದನ್ನು ಆಕೆ ಅವನಿಗೆ ಕಲಿಸಿದಳು. “ಅಲುಗಾಟ ನಿಂತಾಗ ಇಬ್ಬರೂ ಒಟ್ಟಿಗೇ ತಲೆಯೆತ್ತಿದೆವು, ಸಾರ್. ಶುರುವಾದದ್ದು ಅಲ್ಲಿಂದ” ಎಂದು ಅವನು ನಮಗೆ ಹೇಳಿದ.

ಆದರೆ ಈ ಮೊದಲ ಪ್ರೀತಿಯೇ ಅವನಲ್ಲಿ ಇನ್ನೊಂದು ಸಂಗತಿಯನ್ನು ಎಚ್ಚರಿಸಿತು. ಆಕೆ ಪ್ರೀತಿಯಿಂದ ‘ಬಾರೇ’ ಎಂದು ಕರೆದಾಗಲೆಲ್ಲ, ಪ್ರೀತಿಯು ತನಗೆ ಸಂದದ್ದೆಂದೂ ಕೊನೆಯ ಏಕಾರವು ಮತ್ತಾರಿಗೋ ಸೇರಿದ್ದೆಂದೂ ಅವನಿಗೆ ಅನ್ನಿಸುತ್ತಿತ್ತು. ತಾನು ಗಂಡೆಂಬುದನ್ನು ಅವನು ಮೊದಲು ಹೇಳಿದ್ದು ಅವಳಿಗೇ. ಒಂದು ವಾರ ಆಕೆ ಮಾತನಾಡಲಿಲ್ಲ. ಮರುವಾರ ಗಿಟಾರಿನೊಡನೆ ಬಂದಳು. ತನ್ನನ್ನು ತಾನು ಈಗ ಏನೆಂದು ಕರೆದುಕೊಳ್ಳಬೇಕೆಂಬುದನ್ನು ಆಕೆ ಇನ್ನೂ ತೀರ್ಮಾನಿಸಿಲ್ಲ. ಬರುವುದನ್ನು ಮಾತ್ರ ನಿಲ್ಲಿಸಿಲ್ಲ.

ನಮ್ಮ ತಪ್ಪು ಉತ್ತರ

ಒಂದು ದಿನ ಅವನು ನಮ್ಮ ಮೇಜಿನ ಮೇಲೆ ‘ಜೌನ್‌ಪುರಿ ಖಯಾಲ್’ ಎಂಬ ಪುಸ್ತಕವನ್ನಿಟ್ಟ. ಬೆಂಗಳೂರಿನ ಹಿಂದೂಸ್ತಾನಿ ಗಾಯಕರೂ ಟ್ರಾನ್ಸ್ ಪುರುಷರೂ ಆದ ರೂಮಿ ಹರೀಶ್ ಅವರ ಜೀವನಕಥನವದು. ನಿರೂಪಿಸಿದವರು ದಾದಾಪೀರ್ ಜೈಮನ್. ತನ್ನಂಥ ಹಾಡುಗಾರನೊಬ್ಬನ ಬಾಳು ಕನ್ನಡದಲ್ಲಿ ಅಚ್ಚಾಗಿದೆಯೆಂಬುದೇ ಅವನಿಗೆ ದೊಡ್ಡ ಧೈರ್ಯವಾಗಿತ್ತು. ಬಳಿಕ ಅವನು ಕೇಳಿದ: “ವೈದ್ಯರು ಟೆಸ್ಟೋಸ್ಟಿರೋನ್ ಕೊಡಬಹುದು ಎಂದಿದ್ದಾರೆ, ಸಾರ್. ತೆಗೆದುಕೊಂಡರೆ ನನ್ನ ಕಂಠ ಉಳಿಯುತ್ತದೆಯೆ?”

ನಾವು ಐದು ನಿಮಿಷದಲ್ಲಿ ಉತ್ತರಿಸಿದೆವು. ತಂತಿಯು ದಪ್ಪವಾದಷ್ಟೂ ಅದರ ಕಂಪನ ನಿಧಾನವಾಗುತ್ತದೆ. ಈ ಹಾರ್ಮೋನಿನಿಂದ ಧ್ವನಿತಂತುಗಳು ದಪ್ಪವಾಗುತ್ತವೆ. ವೀಣೆಗೆ ದಪ್ಪ ತಂತಿ ಕಟ್ಟಿದಂತೆ ಸ್ಥಾಯಿ ಇಳಿಯುತ್ತದೆ, ಅಷ್ಟೆ ಎಂದೆವು. ನಾಲ್ಕನೆಯ ತಿಂಗಳಲ್ಲಿ ಅವನು ಮತ್ತೆ ಬಂದಾಗ ಷಡ್ಜವನ್ನು ಮೂರು ಸೆಕೆಂಡು ಹಿಡಿದು ನಿಲ್ಲಿಸಲಾರದವನಾಗಿದ್ದ. ಕಂಠವು ನಡುನಡುವೆ ಒಡೆಯುತ್ತಿತ್ತು. ಮೇಲಿನ ಸ್ವರಗಳು ಹೋಗಿದ್ದವು, ಕೆಳಗಿನವು ಇನ್ನೂ ಬಂದಿರಲಿಲ್ಲ. ಆಗ ನಾವು ನಾಚಿಕೆಪಟ್ಟು, ಮೊದಲೇ ಓದಬೇಕಾಗಿದ್ದುದನ್ನು ಓದಿದೆವು.

ಕಂಠವು ಬರಿಯ ತಂತಿಯಲ್ಲ, ತಂತಿ ಮತ್ತು ಬುರುಡೆ ಎರಡೂ ಸೇರಿದ ವಾದ್ಯ. ಧ್ವನಿತಂತುಗಳಿಂದ ತುಟಿಯವರೆಗಿನ ನಾಳವೇ ಅದರ ಬುರುಡೆ. ಇದರ ಉದ್ದವು ಗಂಡಸರಲ್ಲಿ ಸುಮಾರು 17 ಸೆಂಟಿಮೀಟರು, ಹೆಂಗಸರಲ್ಲಿ ಸುಮಾರು 14.5. ಒಂದು ತುದಿ ಮುಚ್ಚಿದ ಕೊಳವೆಯೆಂದು ಭಾವಿಸಿ ಲೆಕ್ಕ ಹಾಕಿದರೆ ಮೊದಲನೆಯದರ ಅನುರಣನವು ಸೆಕೆಂಡಿಗೆ ಸುಮಾರು 500 ಕಂಪನಗಳಲ್ಲಿಯೂ ಎರಡನೆಯದರದು ಸುಮಾರು 600ರಲ್ಲಿಯೂ ಬರುತ್ತದೆ. ಹುಡುಗರು ಪ್ರಾಯಕ್ಕೆ ಬರುವಾಗ ತಂತುಗಳೂ ಬೆಳೆಯುತ್ತವೆ, ನಾಳವೂ ಉದ್ದವಾಗುತ್ತದೆ. ಬೆಳವಣಿಗೆ ಮುಗಿದ ವಯಸ್ಸಿನಲ್ಲಿ ಹಾರ್ಮೋನನ್ನು ಪಡೆದವರಲ್ಲಿ ತಂತುಗಳು ದಪ್ಪವಾಗುತ್ತವೆಯಾದರೂ ನಾಳವು ಹಾಗೆ ಬೆಳೆಯಲಾರದು. ಪಿಟೀಲಿನ ಬುರುಡೆಗೆ ದೊಡ್ಡ ವಾದ್ಯದ ತಂತಿಯನ್ನು ಬಿಗಿದಂತಾಗುವುದುಂಟು. ಸ್ವತಃ ಗಾಯಕರಾದ ಸಂಶೋಧಕ ಅಲೆಕ್ಸಾಂಡ್ರೋಸ್ ಕಾನ್‌ಸ್ಟಾನ್ಸಿಸ್ ಅವರು 2008ರಲ್ಲಿ ಈ ತೊಡಕನ್ನು ಕುರಿತು ಬರೆದು, ಹಾಡುವವರಲ್ಲಿ ಈ ಬದಲಾವಣೆಯು ಮೆಲ್ಲಮೆಲ್ಲಗೆ ಆಗುವುದು ಒಳ್ಳೆಯದೆಂದು ವಾದಿಸಿದರು. ಸಾಮಾನ್ಯವಾಗಿ ಮೊದಲ ವರ್ಷದಲ್ಲಿಯೇ ಕಂಠವು ಬಹುಪಾಲು ಇಳಿದಿರುತ್ತದೆ. ಔಷಧವನ್ನು ನಿಲ್ಲಿಸಿದರೂ ಹಳೆಯ ಕಂಠ ಹಿಂದಿರುಗದು. ಆದುದರಿಂದ ಇದನ್ನು ತಜ್ಞವೈದ್ಯರ ಕೈಕೆಳಗೇ ಮಾಡಬೇಕು. ಹಾಡುವವರು ಕಂಠಸಾಧನೆಯ ಗುರುವನ್ನೂ ಜೊತೆಯಲ್ಲಿಟ್ಟುಕೊಳ್ಳಬೇಕು.

ಇದನ್ನೆಲ್ಲ ತಿಳಿಸಿ, ಮೊದಲೇ ಹೇಳದಿದ್ದುದಕ್ಕೆ ನಾವು ಕ್ಷಮೆ ಕೇಳಿದೆವು. “ಹೇಳಿದ್ದರೂ ತೆಗೆದುಕೊಳ್ಳುತ್ತಿದ್ದೆ, ಸಾರ್. ಆದರೆ ಹೆದರಿಕೆ ಕಡಿಮೆ ಇರುತ್ತಿತ್ತು” ಎಂದ.

ಏಳು ಮೆಟ್ಟಿಲು

ಅವನು ಮೊದಲು ಹಾಡುತ್ತಿದ್ದುದು ಐದು ಮನೆ ಶ್ರುತಿಯಲ್ಲಿ, ಎಂದರೆ ಸೆಕೆಂಡಿಗೆ 196 ಕಂಪನಗಳ ಷಡ್ಜದಲ್ಲಿ. ಗೆಳತಿಯು ಗಿಟಾರಿನ ಏಳನೆಯ ಮೆಟ್ಟಿಲಿಗೆ ಕ್ಯಾಪೊ ಎಂಬ ಹಿಡಿಕೆಯನ್ನು ಬಿಗಿದು ನುಡಿಸುತ್ತಿದ್ದಳು. ಅವನ ಕಂಠ ಇಳಿದಂತೆ ಆಕೆ ಯಾರೂ ಕೇಳದೆಯೇ ಆ ಹಿಡಿಕೆಯನ್ನು ಆರಕ್ಕೆ, ಕೆಲವು ವಾರಗಳ ಬಳಿಕ ಐದಕ್ಕೆ, ಹೀಗೆ ಒಂದೊಂದೇ ಮೆಟ್ಟಿಲು ಇಳಿಸುತ್ತಾ ಬಂದಳು. ಒಂದು ಮೆಟ್ಟಿಲಿಗೆ ಕಂಪನಸಂಖ್ಯೆಯು 1.0595ರಿಂದ ಭಾಗಿಸಲ್ಪಡುತ್ತದೆ. ಒಂದು ವರ್ಷ ಕಳೆದ ಮೇಲೆ ಒಂದು ಭಾನುವಾರ ಆಕೆ ಹಿಡಿಕೆಯನ್ನೇ ತೆಗೆದು ಚೀಲಕ್ಕೆ ಹಾಕಿದಳು. ಷಡ್ಜವು ಸುಮಾರು 131ಕ್ಕೆ, ಒಂದು ಮನೆ ಶ್ರುತಿಗೆ ಬಂದಿತ್ತು. ನಮ್ಮಲ್ಲಿ ಏಳು ಹೆಜ್ಜೆ ಒಟ್ಟಿಗೆ ನಡೆದವರನ್ನು ಏನೆಂದು ಕರೆಯುತ್ತಾರೆಂಬುದು ವಾಚಕರಿಗೆ ಗೊತ್ತೇ ಇದೆ.

ತುಮಕೂರಿನ ಕಡೆಯಲ್ಲಿರುವ ತಾಯಿಗೆ ಅವನು ಏನನ್ನೂ ಹೇಳಿರಲಿಲ್ಲ. ಬಹುಕಾಲದಿಂದ ನಡೆದುಬಂದ ದೂರವಾಣಿ ಪದ್ಧತಿಯು ಸೆಕೆಂಡಿಗೆ 300ರಿಂದ 3,400 ಕಂಪನಗಳವರೆಗಿನ ನಾದವನ್ನು ಮಾತ್ರ ಸಾಗಿಸುತ್ತದೆ. 196 ಆಗಲಿ 131 ಆಗಲಿ ಅದರಲ್ಲಿ ದಾಟುವುದೇ ಇಲ್ಲ. ಮೇಲಿನ ಸ್ವರಾಂಶಗಳ ನಡುವಣ ಅಂತರದಿಂದ ಕೇಳುವವರ ಕಿವಿಯೇ ಮೂಲಸ್ವರವನ್ನು ಕಟ್ಟಿಕೊಳ್ಳುತ್ತದೆ. ತಾಯಿಯ ಕಿವಿಯೂ ಕಟ್ಟಿಕೊಂಡಿತು. “ನೆಗಡಿಯೇನೇ?” ಎಂದು ಆಕೆ ಐದು ತಿಂಗಳು ಕೇಳಿದರು, ಇವನು ಹೌದೆಂದ. ಆರನೆಯ ತಿಂಗಳು ಊರಿಗೆ ಹೋಗಿ ನಿಜವನ್ನು ಹೇಳಿದ. ಈಗ ಆಕೆ “ಊಟ ಆಯಿತಾ?” ಎಂದಷ್ಟೇ ಕೇಳುತ್ತಾರೆ. ಕೊನೆಯಲ್ಲಿ ‘ಏ’ ಇಲ್ಲ, ‘ಓ’ ಇನ್ನೂ ಬಂದಿಲ್ಲ.

ಇಂಥವರನ್ನು ರೋಗಿಗಳೆಂದು ತಿಳಿಯುವವರು ಇನ್ನೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. 2022ರಲ್ಲಿ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ಟ್ರಾನ್ಸ್ ವ್ಯಕ್ತಿಗಳ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತನ್ನ ಲಿಂಗವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು; 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಲಿಂಗಪ್ರೇಮವು ಅಪರಾಧವಲ್ಲವೆಂದು ತೀರ್ಪಿತ್ತಿತು. ಇವು ದೊಡ್ಡ ಮಾತುಗಳು. ಮನೆಯ ದೂರವಾಣಿಯವರೆಗೆ ಅವು ಬರಲು ಇನ್ನಷ್ಟು ಕಾಲ ಬೇಕಾಗುತ್ತದೆ.

ಕಡೆಯದಾಗಿ ಒಂದು ಲೆಕ್ಕ. 196ನ್ನು 131ರಿಂದ ಭಾಗಿಸಿದರೆ ಸುಮಾರು ಒಂದೂವರೆ ಬರುತ್ತದೆ. ಷಡ್ಜಕ್ಕೂ ಪಂಚಮಕ್ಕೂ ಇರುವ ಸಂಬಂಧವೇ ಇದು. ಎಂದರೆ, ಅವನ ಹಳೆಯ ಷಡ್ಜವು ಎಲ್ಲಿಯೂ ಹೋಗಿಲ್ಲ. ಅದೇ ಈಗ ಅವನ ಪಂಚಮವಾಗಿದೆ. ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಪಂಚಮವನ್ನು ಹಿಡಿದ. ಎಂಟು ಸೆಕೆಂಡುಗಳವರೆಗೆ ಅದು ನಿಂತಿತು.